ಕಿವಿಗೆ ಹೂವು, ಅದೂ 32 ಬಿಟ್‌ನದು

ನನ್ನ ಗೆಳೆಯನೊಬ್ಬನಿಗೆ ಪರದೆ ಸರಿಯುವ ಕಾಯಿಲೆ ಇದೆ. ಹೊಸ ಡ್ಯಾಕ್, ಅಂದರೆ ಡಿಜಿಟಲ್ ಹಾಡನ್ನು ಆಂಪ್ಲಿಫೈಯರಿಗೆ ಅರ್ಥವಾಗುವ ಹಾಗೆ ಮಾಡಿಕೊಡುವ ಪೆಟ್ಟಿಗೆ, ತಂದಾಗೆಲ್ಲ ಫೋನ್ ಮಾಡುತ್ತಾನೆ. "ಮಾರಾಯ, ಸ್ಪೀಕರ್ ಮುಂದಿದ್ದ ಪರದೆ ಸರಿದ ಹಾಗಾಯ್ತು ನೋಡು!" ಮೊದಲ ಸಲ ಕೇಳಿದಾಗ ನನಗೂ ಖುಷಿಯಾಗಿತ್ತು. ಎರಡನೇ ಡ್ಯಾಕ್ ಬಂದಾಗ ಇನ್ನೊಂದು ಪರದೆ ಸರಿಯಿತು. ಮೊನ್ನೆ ಮೂರನೆಯದು ಬಂತು. ಮತ್ತೊಂದು ಪರದೆ. ಅಲ್ಲಾ, ಆ ಸ್ಪೀಕರಿನ ಮುಂದೆ ಒಟ್ಟು ಎಷ್ಟು ಪರದೆ ನೇತುಹಾಕಿದ್ದರು? ದ್ರೌಪದಿಯ ಸೀರೆಯ ಹಾಗೆ ಎಳೆದಷ್ಟೂ ಬರುತ್ತಲೇ ಇದೆ.

ಅವನ ಹತ್ತಿರ ಸಾಕ್ಷಿಯೂ ಇದೆ. "ಅಡುಗೆಮನೆಯಲ್ಲಿದ್ದ ನನ್ನ ಹೆಂಡತಿಗೂ ವ್ಯತ್ಯಾಸ ಗೊತ್ತಾಯ್ತು!" ಈ ಮಾತನ್ನು ನೀವೂ ಓದಿರುತ್ತೀರಿ. ಡ್ಯಾಕ್ ಬಗ್ಗೆ ಬರೆಯುವ ಗಂಡಸರೆಲ್ಲ ತಪ್ಪದೆ ಬರೆಯುವ ವಾಕ್ಯ ಇದು. ಇವರ ಲೆಕ್ಕದಲ್ಲಿ ಜಗತ್ತಿನ ಹೆಂಗಸರೆಲ್ಲ ಸದಾ ಅಡುಗೆಮನೆಯಲ್ಲೇ ಇರುತ್ತಾರೆ. ಗಂಡ ಕೇಬಲ್ ಬದಲಿಸಿದ ಕೂಡಲೇ ಸೌಟು ಹಿಡಿದುಕೊಂಡೇ ಹೊರಗೆ ಓಡಿ ಬರುತ್ತಾರೆ.

ನಾನು ಆ ಮನೆಗೆ ಹೋಗಿ ವಿಚಾರಿಸಿದೆ. ಆಕೆ ಹೊರಗೆ ಬಂದದ್ದು ನಿಜ. ಬಂದು ಕೇಳಿದ್ದು ಇಷ್ಟೇ: "ಸೌಂಡು ಯಾಕ್ರೀ ಇಷ್ಟು ಜಾಸ್ತಿ ಇಟ್ಟಿದ್ದೀರಾ?"

ನನಗೆ ಗೊತ್ತಿರುವ ಮಟ್ಟಿಗೆ ಈ ವಿಷಯದಲ್ಲಿ ಇದಕ್ಕಿಂತ ಸರಿಯಾದ ತಾಂತ್ರಿಕ ವಿಮರ್ಶೆಯನ್ನು ಯಾರೂ ಬರೆದಿಲ್ಲ. ಯಾಕೆ ಅಂತ ಹೇಳುತ್ತೇನೆ.

ಡ್ಯಾಕ್ ಮಾಡುವ ಕೆಲಸ ಸರಳ. ಹಾಡು ಫೈಲಿನಲ್ಲಿ ಅಂಕಿಗಳಾಗಿ ಕೂತಿರುತ್ತದೆ. ಅದನ್ನು ಏರಿಳಿಯುವ ವೋಲ್ಟೇಜ್ ಮಾಡಿ ಆಂಪ್ಲಿಫೈಯರಿಗೆ ಕೊಡಬೇಕು, ಅಷ್ಟೇ. ನಿಮ್ಮ ಫೋನಿನಲ್ಲಿ ಒಂದು ಡ್ಯಾಕ್ ಇದೆ. ಟಿವಿಯಲ್ಲಿದೆ. ಬ್ಲೂಟೂತ್ ಇಯರ್‌ಫೋನಿನ ಒಳಗೇ ಇದೆ. (ದುಬಾರಿ ಡ್ಯಾಕನ್ನು ಕಂಪ್ಯೂಟರಿಗೆ ಜೋಡಿಸಿ, ಆಮೇಲೆ ಬ್ಲೂಟೂತ್‌ನಲ್ಲಿ ಹಾಡು ಕೇಳಿ "ಆಹಾ" ಅಂದವರನ್ನು ನಾನು ಕಂಡಿದ್ದೇನೆ. ಆ ದಾರಿಯಲ್ಲಿ ಅವರ ಡ್ಯಾಕ್ ಬರುವುದೇ ಇಲ್ಲ. ಹೇಳಲು ಮನಸ್ಸಾಗಲಿಲ್ಲ.)

ಈಗ ವೋಲ್ಟೇಜ್ ವಿಷಯಕ್ಕೆ ಬರೋಣ. ಮನೆಯಲ್ಲಿಡುವ ಡ್ಯಾಕ್‌ಗಳು ಮಾಮೂಲಿ ಆರ್‌ಸಿಎ ಕೇಬಲ್ಲಿಗೆ ಸುಮಾರು 2 ವೋಲ್ಟ್ ಕೊಡುತ್ತವೆ. ಬ್ಯಾಲೆನ್ಸ್ಡ್ ಎಕ್ಸ್‌ಎಲ್‌ಆರ್ ಕೇಬಲ್ಲಿಗೆ ಬಹಳಷ್ಟು ಡ್ಯಾಕ್‌ಗಳು 4 ವೋಲ್ಟ್ ಕೊಡುತ್ತವೆ. ಅಂದರೆ 6 ಡೆಸಿಬೆಲ್ ಜಾಸ್ತಿ. ಆಂಪ್ ಅದನ್ನು ತಗ್ಗಿಸಿಕೊಳ್ಳದಿದ್ದರೆ ಹಾಡು ಅಷ್ಟೇ ಜೋರಾಗುತ್ತದೆ. ನಮ್ಮ ಕಿವಿಯ ಗುಣ ಏನೆಂದರೆ, ಸ್ವಲ್ಪ ಜೋರಾದ ಸದ್ದನ್ನು ಅದು ಜೋರು ಅನ್ನುವುದಿಲ್ಲ, ಚೆನ್ನಾಗಿದೆ ಅನ್ನುತ್ತದೆ. ಅರ್ಧ ಡೆಸಿಬೆಲ್ ಏರಿದರೂ ಸಾಕು, ಮೋಸ ಹೋಗುತ್ತದೆ. ಗೆಳೆಯ ಮೂರನೇ ಡ್ಯಾಕ್ ತಂದಾಗ ಆರ್‌ಸಿಎಯಿಂದ ಎಕ್ಸ್‌ಎಲ್‌ಆರ್‌ಗೆ ಬದಲಾಗಿದ್ದ. ಅವನು ಪರದೆ ಸರಿಯಿತು ಅಂದ. ಹೆಂಡತಿ ಸೌಂಡು ಜಾಸ್ತಿ ಅಂದರು. ಇಬ್ಬರೂ ಕೇಳಿದ್ದು ಒಂದನ್ನೇ. ಒಬ್ಬರಿಗೆ ಮಾತ್ರ ಗೊತ್ತಾಯಿತು.

ಆದರೆ ಹೀಗೆ ಹೇಳಿದರೆ ಗೆಳೆಯ ಬಿಡುತ್ತಾನೆಯೇ? ಡಬ್ಬದ ಮೇಲೆ ಬರೆದಿದ್ದನ್ನು ಓದಿ ಹೇಳುತ್ತಾನೆ. "32 ಬಿಟ್, 768 ಕಿಲೋಹರ್ಟ್ಸ್, ಫೆಮ್ಟೊಸೆಕೆಂಡ್ ಕ್ಲಾಕ್." ದೇವರ ನಾಮದ ಹಾಗೆ ಬಾಯಿಪಾಠ.

ಸರಿ, ಇದನ್ನೂ ನೋಡೇಬಿಡೋಣ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿಡಿ 16 ಬಿಟ್‌ನದು. ಅಂದರೆ ಸದ್ದಿನ ಏರಿಳಿತ ಅಳೆಯಲು 65,536 ಮೆಟ್ಟಿಲು. 32 ಬಿಟ್ ಅಂದರೆ 429 ಕೋಟಿಗೂ ಹೆಚ್ಚು ಮೆಟ್ಟಿಲು. ಕೇಳಿದರೆ ಮೈ ಜುಮ್ಮೆನ್ನುತ್ತದೆ, ಅಲ್ವಾ? ಆದರೆ ಎಂತಹ ಡ್ಯಾಕ್ ಆದರೂ ಅದರೊಳಗಿನ ಎಲೆಕ್ಟ್ರಾನುಗಳ ಗದ್ದಲದಿಂದಾಗಿ ಸುಮಾರು 22 ಬಿಟ್ ಹತ್ತಿರವೇ ಸುಸ್ತಾಗುತ್ತದೆ. ಉಳಿದ ಹತ್ತು ಬಿಟ್ ಡಬ್ಬದ ಮೇಲೆ ಮಾತ್ರ ಇರುತ್ತವೆ. ಅಲ್ಲಿ ಅವು ಬಹಳ ಸ್ಪಷ್ಟವಾಗಿ ಕಾಣುತ್ತವೆ.

ಇನ್ನೊಂದು ತಮಾಷೆ ಇದೆ. ಸಿಡಿಯನ್ನು ಕಂಡುಹಿಡಿದ ಎರಡು ಕಂಪನಿಗಳಲ್ಲಿ ಫಿಲಿಪ್ಸ್ ಒಂದು. ಆ ಫಿಲಿಪ್ಸ್‌ನ ಮೊದಮೊದಲ ಪ್ಲೇಯರುಗಳಲ್ಲಿ ಇದ್ದದ್ದು 14 ಬಿಟ್ ಡ್ಯಾಕ್. ಓವರ್‌ಸ್ಯಾಂಪ್ಲಿಂಗ್ ಅನ್ನುವ ಜಾಣ ಉಪಾಯ ಮಾಡಿ ಅದರಿಂದಲೇ 16 ಬಿಟ್ ಕೆಲಸ ತೆಗೆದರು. ತಮ್ಮ ಎರಡು ಬಿಟ್ ಕಳೆದುಹೋಗಿದೆ ಎಂದು ಯಾವ ಕೇಳುಗನೂ ಪೊಲೀಸ್ ಠಾಣೆಗೆ ಹೋಗಲಿಲ್ಲ.

ಇನ್ನು 768 ಕಿಲೋಹರ್ಟ್ಸ್. ಸೆಕೆಂಡಿಗೆ ಎಷ್ಟು ಸಾವಿರ ಸಲ ಸದ್ದನ್ನು ಅಳೆದ ಲೆಕ್ಕ ಇದು; ಅದರ ಅರ್ಧದವರೆಗಿನ ಸದ್ದು ಹಿಡಿಸುತ್ತದೆ. ಮನುಷ್ಯನ ಕಿವಿ ಎಳೆತನದಲ್ಲಿ 20 ಕಿಲೋಹರ್ಟ್ಸ್ ತನಕ ಕೇಳುತ್ತದೆ. ವಯಸ್ಸಾದ ಹಾಗೆ ಮೇಲಿನಿಂದ ಒಂದೊಂದೇ ಬಾಗಿಲು ಮುಚ್ಚುತ್ತದೆ. ಐವತ್ತು ದಾಟಿದವರಲ್ಲಿ ಬಹಳ ಜನಕ್ಕೆ 14 ಕಿಲೋಹರ್ಟ್ಸ್ ಕೇಳಿಸಿದರೆ ಅದೇ ದೊಡ್ಡದು. ಸಿಡಿಯ 44.1 ಕಿಲೋಹರ್ಟ್ಸ್ ಲೆಕ್ಕದಲ್ಲಿ 22 ಕಿಲೋಹರ್ಟ್ಸ್‌ವರೆಗಿನ ಸದ್ದು ಆರಾಮಾಗಿ ಹಿಡಿಸುತ್ತದೆ. 768 ಅಂದರೆ 384 ಕಿಲೋಹರ್ಟ್ಸ್‌ವರೆಗೆ. ಬಾವಲಿಗೂ ಅಷ್ಟು ಬೇಡ. ಗೊತ್ತಿರುವ ಪ್ರಾಣಿಗಳಲ್ಲಿ ಅತಿ ಮೇಲಿನ ಸದ್ದು ಕೇಳಿಸಿಕೊಳ್ಳುವುದು ಜೇನುಗೂಡಿಗೆ ಕಾಟ ಕೊಡುವ ಮೇಣದ ಪತಂಗ. ಅದಕ್ಕೆ 300 ಕಿಲೋಹರ್ಟ್ಸ್‌ವರೆಗೆ ಕೇಳಿಸುತ್ತದೆ ಎಂದು 2013ರಲ್ಲಿ ಸ್ಕಾಟ್ಲೆಂಡಿನ ಸ್ಟ್ರಾತ್‌ಕ್ಲೈಡ್ ವಿಶ್ವವಿದ್ಯಾಲಯದವರು ಕಂಡುಕೊಂಡರು. ಅಂದರೆ ನನ್ನ ಗೆಳೆಯನ ಡ್ಯಾಕ್ ಆ ಪತಂಗದ ಯೋಗ್ಯತೆಗೂ ಮೀರಿದ್ದು. ಅವನ ಸ್ಪೀಕರ್ ಮಾತ್ರ 20 ಕಿಲೋಹರ್ಟ್ಸ್ ಆಚೆ ಬಾಯಿ ಬಿಡುವುದಿಲ್ಲ.

ಡ್ಯಾಕಿನ ಒಳಗಿನ ಗಡಿಯಾರ ಎಷ್ಟು ಕರಾರುವಾಕ್ಕು ಅಂತ ಹೇಳುವ ಫೆಮ್ಟೊಸೆಕೆಂಡ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದು ಸೆಕೆಂಡಿನಲ್ಲಿ ಭೂಮಿಗೆ ಏಳು ಸುತ್ತು ಹಾಕಬಲ್ಲ ಬೆಳಕು, ಒಂದು ಫೆಮ್ಟೊಸೆಕೆಂಡಿನಲ್ಲಿ ತಲೆಗೂದಲಿನ ದಪ್ಪದ ನೂರರಲ್ಲಿ ಒಂದು ಪಾಲನ್ನೂ ದಾಟಲಾರದು. ತಬಲದವರು ತಾಳ ತಪ್ಪಿದ್ದು ಗೊತ್ತಾಗದ ಮನುಷ್ಯನಿಗೆ ಇದು ಗೊತ್ತಾಗುತ್ತದಂತೆ.

ಒಳ್ಳೆಯ ಡ್ಯಾಕ್ ಸೇರಿಸುವ ಕೊಳೆ, ಅಂದರೆ ಮೂಲದಲ್ಲಿ ಇಲ್ಲದ ಸದ್ದು, ಹಾಡಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಸ್ಪೀಕರ್ ನೂರರಲ್ಲಿ ಅರ್ಧ ಪಾಲೋ ಒಂದು ಪಾಲೋ ಸೇರಿಸುತ್ತದೆ. ದಪ್ಪ ಸ್ವರದಲ್ಲಿ ಅದಕ್ಕಿಂತ ಜಾಸ್ತಿಯೇ. ಇನ್ನು ಕೋಣೆ! ನಾಲ್ಕು ಗೋಡೆಗೆ ಬಡಿದು ಬರುವ ಸದ್ದಿನಿಂದ ಕೆಲವು ಬೇಸ್ ಸ್ವರಗಳು 10 ಡೆಸಿಬೆಲ್ ಏರುತ್ತವೆ, ಕೆಲವು ಅಷ್ಟೇ ಇಳಿಯುತ್ತವೆ. ಕುಣಿಯಲು ಬಾರದವಳು ನೆಲ ಡೊಂಕು ಅಂದಳು ಎಂದು ಗಾದೆ ಇದೆ. ಇಲ್ಲಿ ನೆಲ ನಿಜಕ್ಕೂ ಡೊಂಕು. ಆದರೂ ನಾವು ಗೆಜ್ಜೆ ಬದಲಿಸುತ್ತೇವೆ. ಸೋಫಾ ಒಂದಿಷ್ಟು ಮುಂದೆ ಎಳೆದರೆ ಆಗುವ ವ್ಯತ್ಯಾಸವನ್ನು ಯಾವ ಡ್ಯಾಕೂ ಮಾಡಲಾರದು. ಆದರೆ ಸೋಫಾ ಎಳೆದದ್ದಕ್ಕೆ ಡಬ್ಬ ಬಿಚ್ಚುವ ಸುಖ ಸಿಗುವುದಿಲ್ಲವಲ್ಲ.

ಎಲ್ಲಕ್ಕಿಂತ ನನಗೆ ಇಷ್ಟವಾದ ಪಂಗಡ ಇನ್ನೊಂದಿದೆ. ಇವರು ಮೊದಲು ಚೂರೂ ಕೊಳೆಯಿಲ್ಲದ ಡ್ಯಾಕ್ ಹುಡುಕಿ ತರುತ್ತಾರೆ. ಕೇಳುತ್ತಾರೆ. "ತುಂಬಾ ಕ್ಲೀನ್ ಆಯ್ತು, ಜೀವ ಇಲ್ಲ" ಅನ್ನುತ್ತಾರೆ. ಆಮೇಲೆ ಅದರ ಮುಂದೆ, ಹಳೇ ರೇಡಿಯೋಗಳಲ್ಲಿ ಇರುತ್ತಿದ್ದಂಥ ಗಾಜಿನ ವಾಲ್ವ್‌ಗಳ ಒಂದು ಪೆಟ್ಟಿಗೆ ಜೋಡಿಸುತ್ತಾರೆ. ಅದು ಕೊಳೆ ಸೇರಿಸುತ್ತದೆ. ಆಗ "ಬೆಚ್ಚಗಿದೆ" ಅನ್ನುತ್ತಾರೆ. ಬಟ್ಟೆ ಒಗೆಸಲು ಒಬ್ಬನಿಗೆ ದುಡ್ಡು, ಅದನ್ನು ಕೆಸರಲ್ಲಿ ಅದ್ದಲು ಇನ್ನೊಬ್ಬನಿಗೆ ದುಡ್ಡು.

2020ರ ಅಕ್ಟೋಬರಿನಲ್ಲಿ ಜಪಾನಿನ ನೊಬೆಯೊಕದಲ್ಲಿ ಎಕೆಎಂ ಕಂಪನಿಯ ಚಿಪ್ ಕಾರ್ಖಾನೆಗೆ ಬೆಂಕಿ ಬಿತ್ತು. ಬಹಳಷ್ಟು ಡ್ಯಾಕ್‌ಗಳಿಗೆ ಜೀವ ಕೊಡುತ್ತಿದ್ದ ಚಿಪ್ ಸಿಗದಂತಾಯಿತು. ತಯಾರಕರು ಬೇರೆ ಕಂಪನಿಯ ಚಿಪ್ ಹಾಕಿ ಪೆಟ್ಟಿಗೆ ಮಾರತೊಡಗಿದರು. ಕೂಡಲೇ ಹಳೆಯ ಚಿಪ್ಪಿನದು ಮಖಮಲ್ಲು, ಹೊಸದು ಗಾಜು ಅನ್ನುವ ವಾದ ಶುರು. ನನ್ನ ಗೆಳೆಯ ಮಖಮಲ್ಲಿನ ಪಕ್ಷ. ತನ್ನದರಲ್ಲಿ ಯಾವ ಚಿಪ್ ಇದೆ ಎಂದು ತಿಳಿಯಲು ಅವನು ಹಾಡು ಕೇಳಲಿಲ್ಲ. ಸ್ಕ್ರೂಡ್ರೈವರ್ ತಗೊಂಡು ಮುಚ್ಚಳ ಬಿಚ್ಚಿದ.

ಹಾಗಂತ ಡ್ಯಾಕ್ ಬದಲಿಸಲೇಬಾರದು ಅಂತಲ್ಲ. ಮೌಸ್ ಅಲ್ಲಾಡಿಸಿದಾಗ ಇಯರ್‌ಫೋನಿನಲ್ಲಿ ಕೀಂಯ್ ಅಂದರೆ ಬದಲಿಸಿ. ಹಾಡಿಲ್ಲದಾಗಲೂ ಬುಸ್ ಅಂತಿದ್ದರೆ ಬದಲಿಸಿ. ಟಿವಿಯ ಆಪ್ಟಿಕಲ್ ಕೇಬಲ್ ಚುಚ್ಚಲು ಜಾಗವೇ ಇಲ್ಲದಿದ್ದರೆ ಬದಲಿಸಿ. ಹೆಡ್‌ಫೋನಿಗೆ ಸದ್ದು ಸಾಲದಿದ್ದರೆ ಬೇಕಾದದ್ದು ಡ್ಯಾಕ್ ಅಲ್ಲ, ಆಂಪ್. ಕೆಟ್ಟುಹೋಗಿದ್ದರಂತೂ ಸರಿಯೇ. ನನ್ನ ಗೆಳೆಯನಿಗೆ ಇವು ಯಾವ ತೊಂದರೆಯೂ ಇರಲಿಲ್ಲ. ಅವನ ತೊಂದರೆ, ತೊಂದರೆ ಇಲ್ಲದಿರುವುದು.

ಕೊನೆಗೆ ಪರೀಕ್ಷೆಯೇ ಆಗಲಿ ಅಂದೆ. ಇಂಥ ಪರೀಕ್ಷೆ ಹೊಸದಲ್ಲ. ಅಮೆರಿಕದಲ್ಲಿ ಮೇಯರ್ ಮತ್ತು ಮೊರಾನ್ ಎಂಬ ಇಬ್ಬರು 2007ರಲ್ಲಿ ಒಂದು ಪ್ರಯೋಗದ ವರದಿ ಪ್ರಕಟಿಸಿದರು. ಹೈ ರೆಸಲ್ಯೂಶನ್ ಡಿಸ್ಕಿನಿಂದ ಬರುತ್ತಿದ್ದ ಸದ್ದನ್ನು ಒಮ್ಮೆ ನೇರವಾಗಿ ಕೇಳಿಸಿದರು, ಇನ್ನೊಮ್ಮೆ ನಡುವೆ 16 ಬಿಟ್ ಸಿಡಿ ಗುಣಮಟ್ಟಕ್ಕೆ ಇಳಿಸಿ ಮತ್ತೆ ಸದ್ದು ಮಾಡಿ ಕೇಳಿಸಿದರು. ಯಾವುದು ಯಾವುದು ಅಂತ ಹೇಳಬೇಕು. 554 ಸಲದಲ್ಲಿ 276 ಸರಿ. ಸರಿಸುಮಾರು ಅರ್ಧ. ಕೇಳದೆ ಊಹಿಸಿದ್ದರೂ ಅಷ್ಟೇ ಬರುತ್ತಿತ್ತು. 2016ರಲ್ಲಿ ಇಂಥ 18 ಪ್ರಯೋಗಗಳನ್ನು ಒಟ್ಟು ಹಾಕಿ ಲೆಕ್ಕ ಮಾಡಿದಾಗ ನೂರಕ್ಕೆ 52ರ ಆಸುಪಾಸು ಬಂತು. ತರಬೇತಿ ಪಡೆದ ಕಿವಿಗಳು ಇನ್ನೂ ಸ್ವಲ್ಪ ಮೇಲೆ ಹೋದವು. ಗೆಳೆಯನಿಗೆ ಈ 52 ಬಾಯಿಪಾಠ. "ನೋಡಿದ್ಯಾ, ಗೊತ್ತಾಗುತ್ತೆ!" ಆದರೆ ಅವನು ಹೇಳುವ ಪರದೆ ನೂರಕ್ಕೆ ಎರಡು ಸಲ ಸರಿಯುವ ಪರದೆ ಅಲ್ಲ. ಹೆಂಗಸರನ್ನು ಅಡುಗೆಮನೆಯಿಂದ ಹೊರಗೆ ತರುವ ಪರದೆ.

ನನ್ನ ಮಗನನ್ನು ಸ್ವಿಚ್ಚಿನ ಹತ್ತಿರ ಕೂರಿಸಿದೆವು. ಹಳೆಯ ಡ್ಯಾಕ್, ಹೊಸ ಡ್ಯಾಕ್ ಎರಡನ್ನೂ ಜೋಡಿಸಿ, ಟೆಸ್ಟ್ ಟೋನ್ ಹಾಕಿ, ಸ್ಪೀಕರಿನ ತಂತಿಗೆ ಮೀಟರ್ ಹಿಡಿದು ಸದ್ದು ಸಮ ಮಾಡಿದೆ. ಮೊದಲು ಗೆಳೆಯ ಕಣ್ಣು ಬಿಟ್ಟುಕೊಂಡು ಕೇಳಿದ. "ಹಗಲು ರಾತ್ರಿ ವ್ಯತ್ಯಾಸ!" ಆಮೇಲೆ ಸ್ವಿಚ್ಚಿಗೆ ಬೆನ್ನು ಮಾಡಿ ಕೂತ. ಮಗ ಪ್ರತಿ ಸಲ ನಾಣ್ಯ ಚಿಮ್ಮಿ, ಬಿದ್ದ ಪ್ರಕಾರ ಒಂದು ಡ್ಯಾಕ್ ಹಾಕುತ್ತಿದ್ದ. ಗೆಳೆಯ ಹಳೆಯದೋ ಹೊಸದೋ ಹೇಳಬೇಕು. ಒಟ್ಟು 16 ಸಲ. 12 ಸರಿ ಬಂದರೆ ನಾನು ಸೋತೆ ಅಂತ ಒಪ್ಪಂದ. ಸುಮ್ನೆ ಊಹಿಸಿ ಅಷ್ಟು ತಗೊಳ್ಳುವುದು ನೂರಕ್ಕೆ ನಾಲ್ಕು ಸಲ ಮಾತ್ರ ಸಾಧ್ಯ.

ಅವನು ಬರೀ ಹಳೆಯದು ಹೊಸದು ಅನ್ನಲಿಲ್ಲ. ಪ್ರತಿಯೊಂದಕ್ಕೂ ವಿವರಣೆ. "ಇದು ಹಳೇದು, ಬೇಸ್ ಕೆಸರು ಕೆಸರು." "ಇದು ಹೊಸದು, ತಂಬೂರಿಯ ತಂತಿ ಎಣಿಸಬಹುದು." "ಹಳೇದು, ಗಾಯಕಿ ಮೂಗು ಕಟ್ಟಿದ ಹಾಗೆ." "ಆಹಾ, ಹೊಸದು, ಆಕೆ ಉಸಿರು ತಗೊಂಡದ್ದೂ ಕೇಳಿಸ್ತಿದೆ."

ಏಳು ಸರಿ ಬಂತು.

ಮಗ ಚೀಟಿ ನೋಡುತ್ತಾ, "ಅಂಕಲ್, ಮೂರನೇದರಿಂದ ಆರನೇದರವರೆಗೆ ನಾಲ್ಕೂ ಸಲ ಒಂದೇ ಬಿತ್ತು, ನಾನು ಸ್ವಿಚ್ ಮುಟ್ಟಲೇ ಇಲ್ಲ" ಅಂದ. ಕೆಸರು, ತಂತಿ, ಮೂಗು, ಉಸಿರು ಎಲ್ಲ ಬಂದದ್ದು ಆ ನಾಲ್ಕರಲ್ಲೇ. ನಾಲ್ಕೂ ಹಳೆಯ ಡ್ಯಾಕ್.

ಗೆಳೆಯ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಸ್ವಿಚ್ಚಿನ ಪೆಟ್ಟಿಗೆಯನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದ. "ಅದಕ್ಕೇ! ಇದರ ಕಾಂಟ್ಯಾಕ್ಟಿಗೆ ಚಿನ್ನದ ಲೇಪ ಇಲ್ಲ ಮಾರಾಯ. ಎರಡನ್ನೂ ಒಂದೇ ಥರ ಹಾಳು ಮಾಡ್ತಿದೆ." ಒಳ್ಳೆಯ ಸ್ವಿಚ್ ತರಿಸಿ ಮತ್ತೆ ಪರೀಕ್ಷೆ ಮಾಡೋಣ ಅಂತ ಹೇಳಿ ಹೋದ. ಆ ಸ್ವಿಚ್ ಬಂದ ದಿನ ಫೋನ್ ಬರುತ್ತದೆ. ಪರದೆಯ ವಿಷಯಕ್ಕೇ ಇರುತ್ತದೆ.

ಹೋಗುವಾಗ ಹಳೆಯ ಎರಡು ಡ್ಯಾಕ್‌ಗಳಲ್ಲಿ ಒಂದನ್ನು ನನಗೆ ಬೇಕಾ ಅಂತ ಕೇಳಿದ. ಬೇಡ ಅಂದೆ. ಯಾಕೆ ಅಂತ ಅವನಿಗೆ ಹೇಳಲಿಲ್ಲ, ನಿಮಗೆ ಹೇಳುತ್ತೇನೆ. ವಾರದಿಂದ ಒಂದು ಹೊಸ ಮಾಡೆಲ್ಲನ್ನು ಆನ್‌ಲೈನ್ ಬುಟ್ಟಿಯಲ್ಲಿ ಹಾಕಿಟ್ಟಿದ್ದೇನೆ. ಮನೆಯವರಿಗೆ ಇನ್ನೂ ಗೊತ್ತಿಲ್ಲ. ಕಪ್ಪು ಮತ್ತು ಬೆಳ್ಳಿ, ಎರಡು ಬಣ್ಣ ಇದೆ. ಒಳಗಿರುವುದು ಒಂದೇ ಸರ್ಕ್ಯೂಟ್, ಒಂದೇ ಚಿಪ್, ನನಗೆ ಚೆನ್ನಾಗಿ ಗೊತ್ತು. ಆದರೂ ಫೋಟೋ ನೋಡಿದಾಗೆಲ್ಲ ಕಪ್ಪು ಬಣ್ಣದ್ದರಲ್ಲಿ ಬೇಸ್ ಸ್ವಲ್ಪ ಜಾಸ್ತಿ ಇರಬಹುದು ಅನ್ನಿಸುತ್ತದೆ.