ಕೊಕ್ಕೋ ತಿಂದರೆ ಬಿಪಿ ಮಾತ್ರೆ ಬೇಡವೇ?

"ದಿನಾ ಒಂದು ತುಂಡು ಡಾರ್ಕ್ ಚಾಕಲೇಟ್ ತಿನ್ನಿ, ಬಿಪಿ, ಶುಗರ್ ಮಾತ್ರೆ ಬಿಡಿ." ವಾಟ್ಸಾಪಿನಲ್ಲಿ ಓಡಾಡುವ ಮಾತು ಇದು. ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆ ಅಡಿಕೆ ಮರಗಳ ನಡುವೆ ಕೊಕ್ಕೋ ಬೆಳೆಯುವ ನಮಗೆ ಇದನ್ನು ನಂಬುವ ಆಸೆ ಜಾಸ್ತಿ, ಅಲ್ವಾ?

ಚೂರು ನಿಜ ಇದೆ. ಕೊಕ್ಕೋ ಬೀಜದಲ್ಲಿರುವ ಫ್ಲೇವನಾಲ್ ಎಂಬ ಅಂಶ ರಕ್ತನಾಳಗಳನ್ನು ಸಡಿಲಗೊಳಿಸುತ್ತದೆ. ಆದರೆ ಬಿಪಿ ಇಳಿಯುವುದು ಒಂದೆರಡು ಅಂಕಿಯಷ್ಟು ಮಾತ್ರ. ಅಮೆರಿಕದಲ್ಲಿ 21,000ಕ್ಕೂ ಹೆಚ್ಚು ಹಿರಿಯರ ಮೇಲೆ ದೊಡ್ಡ ಅಧ್ಯಯನವೇ ನಡೆಯಿತು. ಅರ್ಧ ಜನಕ್ಕೆ ದಿನಾ 500 ಮಿಲಿಗ್ರಾಂ ಫ್ಲೇವನಾಲ್. 2022ರಲ್ಲಿ ಬಂದ ಫಲಿತಾಂಶದಲ್ಲಿ ಹೃದ್ರೋಗದ ಸಾವು ಕಡಿಮೆ ಕಂಡಿತು, ಆದರೆ ಒಟ್ಟು ಹೃದಯಾಘಾತ, ಪಾರ್ಶ್ವವಾಯುಗಳ ಲೆಕ್ಕ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. ಶುಗರ್ ಬರುವುದೂ ತಪ್ಪಲಿಲ್ಲ. ಅಂದಹಾಗೆ ಅವರಿಗೆ ಕೊಟ್ಟದ್ದು ಕ್ಯಾಪ್ಸೂಲ್, ಚಾಕಲೇಟ್ ಅಲ್ಲ.

ಬೀಜಕ್ಕೂ ಚಾಕಲೇಟಿಗೂ ಇರುವ ವ್ಯತ್ಯಾಸ ತೋಟದಲ್ಲೇ ಗೊತ್ತಾಗುತ್ತದೆ. ಕಾಯಿ ಒಡೆದು ಬಿಳಿ ಲೋಳೆ ಚೀಪಿದರೆ ಹುಳಿಸಿಹಿ. ಒಳಗಿನ ನೇರಳೆ ಬೀಜ ಕಚ್ಚಿದರೆ ಬಾಯೆಲ್ಲ ಕಹಿ, ಒಗರು. ಫ್ಲೇವನಾಲ್ ಇರುವುದು ಆ ಒಗರಿನಲ್ಲೇ. ಐದಾರು ದಿನ ಹುಳಿಸಿ, ಒಣಗಿಸಿ, ಹುರಿಯುವಾಗ ಅದು ಕಡಿಮೆಯಾಗುತ್ತಾ ಹೋಗುತ್ತದೆ. ಕ್ಷಾರ ಹಾಕಿ ಕಪ್ಪಾಗಿಸಿದ ಪುಡಿಯಲ್ಲಂತೂ ಇನ್ನೂ ಕಡಿಮೆ. ಮೇಲಿಂದ ಚಾಕಲೇಟಿಗೆ ಸಕ್ಕರೆ, ಕೊಬ್ಬು ಬೇರೆ.

ರುಚಿಗೆ ಬೇಕಾದರೆ, ಸಕ್ಕರೆ ಹಾಕದ ಕೊಕ್ಕೋ ಪುಡಿಯನ್ನು ಒಂದು ಚಮಚ ಬಿಸಿ ಹಾಲಿಗೆ ಬೆರೆಸಿ ಕುಡಿಯಿರಿ, ಚೆನ್ನಾಗಿರುತ್ತದೆ. ಮಾತ್ರೆ ಮಾತ್ರ ಸುಮ್ನೆ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ. ಮತ್ತೆ ಚಾಕಲೇಟನ್ನು ಮನೆಯ ನಾಯಿಗೆ ಹಾಕಬೇಡಿ. ಅದರಲ್ಲಿರುವ ಥಿಯೋಬ್ರೊಮಿನ್ ನಾಯಿಗೆ ವಿಷ.