ಕಡಲಿಗೆ ಸರಳ ಬಡ್ಡಿ

ಕಡಲು ಎಷ್ಟು ಏರುತ್ತದೆ ಎಂದು ಕಡಲನ್ನೇ ಕೇಳುವ ಕೆಟ್ಟ ಚಾಳಿ ವಿಜ್ಞಾನಿಗಳದು. 2012ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ಶಾಸಕರು ಈ ಚಾಳಿ ಬಿಡಿಸಲು ಹೊರಟರು.

ನಡೆದದ್ದು ಇಷ್ಟು. ರಾಜ್ಯದ ಕರಾವಳಿ ಆಯೋಗಕ್ಕೆ ಸಲಹೆ ಕೊಡುವ ವಿಜ್ಞಾನಿಗಳು 2010ರಲ್ಲಿ ವರದಿ ಒಪ್ಪಿಸಿದ್ದರು: 2100ರ ಹೊತ್ತಿಗೆ ನೀರು 39 ಇಂಚು ಏರೀತು, ಆ ಲೆಕ್ಕ ಹಿಡಿದು ಮುಂದಿನದನ್ನು ಯೋಜಿಸಿ. 39 ಇಂಚೆಂದರೆ ಸೊಂಟದ ಮಟ್ಟ. ಕಿಟಕಿಯಿಂದ ಸಮುದ್ರ ಕಾಣುವ ಮನೆ ಎಂದು ಮಾರುವವರಿಗೆ, ನಡುಮನೆಯಲ್ಲೇ ಸಮುದ್ರ ಕಾಣಲಿದೆ ಎಂಬ ಜಾಹೀರಾತು ಹಿಡಿಸಲಿಲ್ಲ. ಹುಟ್ಟಿಕೊಂಡಿತು 819ನೇ ಮಸೂದೆ. ಅದರ ಒಂದು ಕರಡಿನ ಅಪ್ಪಣೆ ಹೀಗಿತ್ತು: 1900ರ ನಂತರದ ಹಳೆಯ ಅಂಕಿಗಳನ್ನಷ್ಟೇ ಬಳಸಬೇಕು, ಅವನ್ನು ನೇರ ಗೆರೆಯಲ್ಲಿ ಮುಂದಕ್ಕೆ ಎಳೆಯಬೇಕು. ಏರಿಕೆಯ ವೇಗವೇ ಹೆಚ್ಚೀತು ಎಂಬ ಊಹೆ ಕೂಡದು.

ಅಂದರೆ ಸಮುದ್ರಕ್ಕೆ ಸರಳ ಬಡ್ಡಿ ಮಾತ್ರ ಮಂಜೂರು, ಚಕ್ರಬಡ್ಡಿ ನಿಷಿದ್ಧ. ಆ ದಡದ ಮನೆ ಕೊಳ್ಳಲು ಸಾಲ ತೆಗೆದವನಿಗೆ ಯಾವ ಬ್ಯಾಂಕ್ ಇಂಥ ಕೃಪೆ ತೋರಿತೋ ಕಾಣೆ.

ಅಳತೆಯಲ್ಲೂ ತಕರಾರು ತೆಗೆಯಬಹುದು, ನಿಜ. ನೀರಿನ ಮಟ್ಟ ಅಳೆಯುವ ದಡದ ಉಬ್ಬರಮಾಪಕ ಕೂತಿರುವುದು ನೆಲದ ಮೇಲೆ. ನೆಲ ಕುಸಿದರೂ ಅದು ನೀರು ಏರಿತೆಂದೇ ಬರೆದುಕೊಳ್ಳುತ್ತದೆ. ಕುಣಿಯಲಾರದವಳು ನೆಲ ಡೊಂಕು ಎಂದರೆ ನಗುತ್ತೇವೆ; ಆ ರಾಜ್ಯದ ಈಶಾನ್ಯ ಕರಾವಳಿಯಲ್ಲಿ ನೆಲ ದಿಟವಾಗಿಯೂ ಕುಸಿಯುತ್ತಿದೆ. ಆದರೆ 1992ರಲ್ಲಿ ಹಾರಿದ ಟೋಪೆಕ್ಸ್-ಪೊಸೈಡನ್ ಮತ್ತು ಅದರ ಹಿಂದೆ ಬಂದ ಉಪಗ್ರಹಗಳು ಈ ನೆವವನ್ನೂ ಉಳಿಸಲಿಲ್ಲ. ಅವು 1,336 ಕಿ.ಮೀ. ಮೇಲಿನಿಂದ ರೇಡಾರ್ ಅಲೆ ಬಿಟ್ಟು, ಭೂಮಿಯ ಕೇಂದ್ರವನ್ನು ಆಧಾರವಾಗಿಟ್ಟುಕೊಂಡು ನೀರನ್ನು ಅಳೆಯುತ್ತವೆ. ಯಾರ ನಿವೇಶನ ಎಲ್ಲಿದೆ ಎಂದು ನೋಡುವುದಿಲ್ಲ. ಜಗತ್ತಿನ ಸರಾಸರಿ ಏರಿಕೆ 1993ರ ಸುಮಾರಿಗೆ ವರ್ಷಕ್ಕೆ 2 ಮಿ.ಮೀ. ಆಸುಪಾಸಿನಲ್ಲಿತ್ತು, ಮೂವತ್ತು ವರ್ಷಗಳಲ್ಲಿ 4 ದಾಟಿತು. ಗೆರೆ ಬಾಗಿಬಿಟ್ಟಿದೆ, ಪಾಪ, ಅದಕ್ಕೆ ಕರಡು ಓದಲು ಬರುವುದಿಲ್ಲ.

ಊರೆಲ್ಲ ನಕ್ಕ ಮೇಲೆ ಮಸೂದೆ ಸ್ವಲ್ಪ ಮೆತ್ತಗಾಯಿತು. ಇನ್ನಷ್ಟು ಅಧ್ಯಯನ ನಡೆಯಲಿ, ಅಲ್ಲಿಯವರೆಗೆ, ಅಂದರೆ 2016ರ ಜುಲೈವರೆಗೆ, ನಿಯಮ ರೂಪಿಸಲೆಂದು ಆಯೋಗ ಏರಿಕೆಯ ದರವನ್ನೇ ನಿಗದಿ ಮಾಡಕೂಡದು ಎಂದಾಯಿತು. ಗವರ್ನರ್ ಸಹಿ ಹಾಕಲಿಲ್ಲ, ತಡೆಯಲೂ ಇಲ್ಲ. ಮಸೂದೆ ತಾನಾಗಿಯೇ ಕಾಯಿದೆಯಾಯಿತು. ನೀರು ಏರುವುದೂ ಹಾಗೆಯೇ, ಯಾರ ಸಹಿಗೂ ಕಾಯದೆ.

ಇದೇ ರಾಜ್ಯದ ಕೇಪ್ ಹ್ಯಾಟರಸ್‌ನಲ್ಲಿ ಒಂದು ದೀಪಸ್ತಂಭವಿದೆ. 1870ರಲ್ಲಿ ಕಟ್ಟಿ ಮುಗಿಸಿದಾಗ ಕಡಲು 1,500 ಅಡಿ ದೂರದಲ್ಲಿತ್ತು. ಕೊರೆತದಿಂದ ಅಲೆ ಬುಡದ ಹತ್ತಿರ ಬಂದಾಗ, 1999ರಲ್ಲಿ, ಇಡೀ ಇಟ್ಟಿಗೆ ಗೋಪುರವನ್ನು ಅಡಿಪಾಯದಿಂದ ಬಿಡಿಸಿ ಎತ್ತಿ, ಹಳಿಯ ಮೇಲೆ 2,900 ಅಡಿ ಜರುಗಿಸಿದರು. ನೇರ ಗೆರೆಯೋ ಬಾಗಿದ ಗೆರೆಯೋ ಎಂದು ಶಾಸಕರು ಆಗ ಜಗಳಕ್ಕಿಳಿಯಲಿಲ್ಲ. ದೀಪಸ್ತಂಭವನ್ನು ಯಾರೂ ಮಾರಾಟಕ್ಕೆ ಇಟ್ಟಿರಲಿಲ್ಲ.