ಚಿನ್ನಕ್ಕೆ 3000 ಕೆಲ್ವಿನ್

ಅಡುಗೆಮನೆ ಕಪಾಟು, ಟಿವಿ ಯೂನಿಟ್ ಮಾಡಿಕೊಂಡು ಸುಮ್ನೆ ಇದ್ದವನು ನಾನು. ಶಿವಮೊಗ್ಗದ ಗಾಂಧಿ ಬಜಾರಿನ ಒಂದು ಹಳೇ ಚಿನ್ನದಂಗಡಿಯ ಯಜಮಾನರು "ಬೆಂಗಳೂರಿನ ಶೋರೂಮ್ ಥರ ಮಾಡಿಕೊಡಿ" ಅಂದಾಗ ಇಲ್ಲ ಅನ್ನಲು ಬಾಯಿ ಬರಲಿಲ್ಲ. ಅಲ್ಲಿ ಇದ್ದದ್ದೇ ಒಂದು ಬಿಳಿ ಗಾದಿ, ಒಂದು ತಕ್ಕಡಿ, ಒಂದು ಕಟ್ಟು ಗುಲಾಬಿ ಕಾಗದ. ಗಾದಿಯನ್ನು ಮೊದಲ ದಿನವೇ ಅಟ್ಟಕ್ಕೆ ಹಾಕಿಸಿದೆ.

ಒಂದು ವಾರ ಕೂತು ಓದಿದೆ. ಬೆಳಕಿನ ಬಣ್ಣ ಅಳೆಯೋದು ಕೆಲ್ವಿನ್ನಿನಲ್ಲಂತೆ. ಚಿನ್ನಕ್ಕೆ 3000 ಕೆಲ್ವಿನ್ನಿನ ಹಳದಿ ಬೆಳಕು, ವಜ್ರಕ್ಕೆ ಬೆಳ್ಳಿಗೆ 4000ದ ಮೇಲಿನ ಬಿಳಿ ಬೆಳಕು. ವೈರಿಂಗ್ ಹುಡುಗನಿಗೆ ಅರ್ಧ ಗಂಟೆ ಪಾಠ ಮಾಡಿದೆ. ಎಲ್ಲದಕ್ಕೂ ಹ್ಞೂಂ ಅಂದ. ಎಲ್ಲದಕ್ಕೂ ಹ್ಞೂಂ ಅನ್ನೋರನ್ನ ನಂಬಬಾರದು.

ಆಷಾಢ ಕಳೆಯಲಿ ಅಂತ ಕಾದು ಶ್ರಾವಣದಲ್ಲಿ ಪೂಜೆ ಇಟ್ಟೆವು. ಮಳೆಗೆ ಯಾವ ಆಷಾಢ, ಯಾವ ಶ್ರಾವಣ! ಮೊದಲ ಗಿರಾಕಿ ತೀರ್ಥಹಳ್ಳಿ ಕಡೆಯ ಅಜ್ಜಿ. ಕೈಯಲ್ಲಿ ನೀರು ಸುರಿಯೋ ಕೊಡೆ. ಎಲ್ಲಿಡಲಿ ಅಂತ ಸುತ್ತ ನೋಡಿದರು. ಆಗ ಹೊಳೆಯಿತು, ಇಟಾಲಿಯನ್ ಮಾರ್ಬಲ್ಲಿನಿಂದ ಹಿಡಿದು ಎಲ್ಲ ಯೋಚಿಸಿದ ಮಲೆನಾಡಿನ ಮಗ ಕೊಡೆಗೇ ಜಾಗ ಮಾಡಿಲ್ಲ.

ನಾನು ತರಿಸಿದ ಎತ್ತರದ ಸ್ಟೂಲನ್ನು ಅಜ್ಜಿ ಒಮ್ಮೆ ಮೇಲಿಂದ ಕೆಳಗೆ ನೋಡಿದರು. "ಇದಕ್ಕೆ ಹತ್ತೋಕೆ ಏಣಿ ಕೊಡ್ತೀರಾ?" ಅಂದು ನಿಂತೇ ಇದ್ದರು. ಮೊಮ್ಮಗಳಿಗೆ ಅವಲಕ್ಕಿ ಸರ ಬೇಕಿತ್ತು. ಯಜಮಾನರು ತೆಗೆದು ಮುಂದಿಟ್ಟರು.

"ಅಲ್ಲಾ ಮಾರಾಯ, ಇದು ಹಿತ್ತಾಳೆ ಅಲ್ವಾ?"

ಯಜಮಾನರು ಭೂತಗನ್ನಡಿಯಲ್ಲಿ 22 ಕ್ಯಾರೆಟ್ ಅನ್ನೋ 916ರ ಹಾಲ್‌ಮಾರ್ಕ್ ತೋರಿಸಿದರು. "ಮುದ್ರೆ ಸರಿ, ಬಣ್ಣ ಎಲ್ಲಿ? ಅಗೋ, ಅಲ್ಲಿರೋ ಚಿನ್ನದ ದೀಪ ಎಷ್ಟು ಚೆನ್ನಾಗಿದೆ!" ಅಜ್ಜಿ ಬೆರಳು ಮಾಡಿದ್ದು ಬೆಳ್ಳಿ ಕೌಂಟರಿನ ಕಡೆಗೆ. ಹುಡುಗ ಲೈಟಿನ ಡಬ್ಬಿ ಅದಲುಬದಲು ಮಾಡಿದ್ದ.

ಸರಿ, ತೂಕಕ್ಕಿಟ್ಟರು. ಮಿಲಿಗ್ರಾಂ ಲೆಕ್ಕ ತೋರಿಸೋ ಮೆಷಿನ್ನು. ಅದರ ನೆತ್ತಿ ಮೇಲೇ ನಾನು ಎಸಿ ಗಾಳಿ ಬಿಟ್ಟಿದ್ದೆ. ಕೊನೆಯ ಅಂಕಿ ಏಳು, ಎರಡು, ಒಂಬತ್ತು ಅಂತ ಕುಣಿಯತೊಡಗಿತು. "ನಿಲ್ಲೋವರೆಗೂ ದುಡ್ಡು ಕೊಡಲ್ಲ" ಅಂದರು ಅಜ್ಜಿ. ಎಸಿ ಆಫ್ ಮಾಡಿಸಿದೆವು. ಯಜಮಾನರು ನನ್ನ ಕಡೆ ನೋಡಲೇ ಇಲ್ಲ. ಅದೇ ಜಾಸ್ತಿ ಹೆದರಿಕೆಯಾಯಿತು.

ಅಜ್ಜಿ ಸರ ಹಿಡಿದು ಸೀದಾ ಹೊರಗೆ ಅಂಗಡಿ ಕಟ್ಟೆಗೆ ಬಂದರು. ಹಿಂದೆ ಯಜಮಾನರು, ಸೆಕ್ಯೂರಿಟಿ, ನಾನು. ಮೋಡದ ಬೆಳಕಲ್ಲಿ ಸರವನ್ನು ಅಂಗೈ ಮೇಲೆ ಹರಡಿ ಎರಡು ಸಲ ತಿರುಗಿಸಿದರು. "ಈಗ ಚಿನ್ನ ಆಯ್ತು ನೋಡು. ಗುಲಾಬಿ ಕಾಗದದಲ್ಲಿ ಕಟ್ಟಿಕೊಡಿ."

ನಾನು ನಿಟ್ಟುಸಿರು ಬಿಟ್ಟು ಶೋಕೇಸಿನ ಕಡೆ ತಿರುಗಿದೆ. ಅಲ್ಲಿ ಮಖಮಲ್ಲಿನ ಕತ್ತಿನ ಬೊಂಬೆಯನ್ನು, ಪೂಜೆ ಆದ ಮೇಲೆ ದೊಡ್ಡ ಹಾರ ಹಾಕೋಣ ಅಂತ ಖಾಲಿ ಬಿಟ್ಟಿದ್ದೆವು. ಅದರ ಕತ್ತಿಗೆ ಅಜ್ಜಿಯ ಕೊಡೆ ನೇತಾಡುತ್ತಿತ್ತು. ಇಡೀ ಅಂಗಡಿಯಲ್ಲಿ ಲೈಟು ಸರಿಯಾಗಿ ಬಿದ್ದಿದ್ದು ಅದರ ಮೇಲೆ ಮಾತ್ರ. ತೊಟ್ಟಿಕ್ಕೋ ಒಂದೊಂದು ಹನಿಯೂ ಬಂಗಾರ.